ಕೆರೆಯಬಾರದು

ಜಯದೇವ ಸರ್ಕಲ್ ಹತ್ತಿರ, ಮೊಬೈಲ್ ಅಂಗಡಿಯ ಮೇಲಿನ ಕೋಣೆಯಲ್ಲಿ
ಹುಡುಗ ನೌಷಾದ್ ಹೇಳಿ ಕಳಿಸಿದ್ದು ಇಷ್ಟು:
ಎರಡು ವಾರ ಬಿಸಿಲಿಗೆ ಒಡ್ಡಬೇಡಿ.
ಉಗುರುಬೆಚ್ಚಗಿನ ನೀರಲ್ಲಿ ತೊಳೀರಿ, ಒತ್ತಿ ಒರೆಸಿ, ಉಜ್ಜಬೇಡಿ.
ಎಣ್ಣೆ ಹಚ್ಚೋದಾದ್ರೆ ಹಚ್ಚಿದ್ದು ಕಾಣಬಾರದು, ಅಷ್ಟು.
ಕೆರೆಗಿಳೀಬೇಡಿ ಅಕ್ಕಾ,
ಏನೇ ಆದ್ರೂ, ಕೆರೀಬೇಡಿ.

ಬಿಸಿಲು ಬೇಡವಂತೆ!
ದಾವಣಗೆರೆಯಿಂದ ದುರ್ಗಕ್ಕೆ ಬೆಳಿಗ್ಗೆ ಹೋಗುವಾಗ ಬಿಸಿಲು ಎಡಕ್ಕೆ,
ಸಂಜೆ ಬರುವಾಗಲೂ ಎಡಕ್ಕೇ.
ಕಂಡಕ್ಟರ್ ಸೀಟು ಎಡಕ್ಕೆ. ಚೇಳು ಎಡಗೈಗೆ.
ಮಗಳ ಹಳೆಯ ಹತ್ತಿ ವೇಲನ್ನು ಕುದಿಸಿ ಒಣಗಿಸಿ
ಖಾಕಿ ತೋಳಿನೊಳಗೆ ಸಡಿಲವಾಗಿ ಸುತ್ತಿಕೊಂಡೆ.

ಮೊದಲ ರಾತ್ರಿ ನೀರೊಡೆದು, ಮಸಿ ಸೋರಿ,
ಬೆಳಗಾಗುವಷ್ಟರಲ್ಲಿ ದಿಂಬಿನ ಚೀಲದ ಮೇಲೆ
ಇನ್ನೊಂದು ಚೇಳು, ತಿರುಗುಮುರುಗಾಗಿ.
ಸರ್ಫ್ ಹಾಕಿ ನೆನೆಸಿಟ್ಟು ಡ್ಯೂಟಿಗೆ ಓಡಿದೆ.

ಈ ವಯಸ್ಸಲ್ಲಿ ಇದೇನಮ್ಮ, ಅಂದ ಡ್ರೈವರ್ ಓಬಳೇಶಪ್ಪ.
ಮತ್ತೇನೂ ಅನ್ನಲಿಲ್ಲ.
ಆನಗೋಡಿನ ಹಂಪು ಬಂದಾಗ ಮಾತ್ರ
ಹದಿನೆಂಟು ವರ್ಷದಲ್ಲಿ ಮೊದಲ ಸಲ ಮೆಲ್ಲಗೆ ಬ್ರೇಕ್ ಒತ್ತಿದ.

ಐದನೇ ದಿನ ನವೆ.
ನವೆಯೆಂದರೆ ಅಂತಿಂಥದ್ದಲ್ಲ,
ಒಳಗೊಂದು ನಿಜವಾದ ಜೀವ ಕೂತು ಕಾಲಾಡಿಸಿದ ಹಾಗೆ.
ಚಿಲ್ಲರೆ ಎಣಿಸುವಾಗ ನವೆ, ರೈಟ್ ಎನ್ನುವಾಗ ನವೆ.
ಭರಮಸಾಗರದಲ್ಲಿ ಹತ್ತಿದ ಮುದುಕ ಕೇಳಿದ:
ಯಾರ ಹೆಸರವ್ವ ಒಳಗೆ?
ಹೆಸರಲ್ಲ, ಅವ್ವಂದು ಅಂದೆ.
ಅರ್ಥವಾದವನಂತೆ ಐದು ರೂಪಾಯಿ ಬಿಟ್ಟು ಇಳಿದುಹೋದ.

ಎಂಟನೇ ದಿನ ಸಿಪ್ಪೆ ಏಳತೊಡಗಿತು,
ಮಂಡಕ್ಕಿ ಭಟ್ಟಿಯ ಮುಂದೆ ಹಾರುವ ಹೊಟ್ಟಿನಂತೆ.
ಒಂದು ಕರಿ ಚೂರು ಟಿಕೆಟ್ ಮೇಲೆ ಬಿದ್ದು, ಅಂಟಿಕೊಂಡು,
ಯಾರದೋ ಜೇಬಿಗೆ ಹೋಯಿತು.
ಚೇಳಿನ ಕಾಲೊಂದು ಅವತ್ತು ಸಿರಿಗೆರೆ ಕ್ರಾಸಲ್ಲಿ ಇಳಿಯಿತು.

ಹತ್ತನೆಯ ದಿನ ದೊಡ್ಡವ್ವ ತಿಪ್ಪಮ್ಮ ನೋಡಿದಳು.
ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ,
ಚಲೋ ಬಂದೈತೆ, ಅಂದಳು. ಆದ್ರೆ ಉಲ್ಟಾ ಐತೆ.
ಪಾಲಿದು ಬಲಗೈ. ಕೊಂಡಿ ಎಡಕ್ಕೆ ತಿರುಗಿತ್ತು.
ನಿಂದು ಬಲಕ್ಕೆ.

ಫೋನು ತೆಗೆದು ತೋರಿಸಿದೆ.
ಮೊಮ್ಮಗಳ ಜೊತೆ ಅವ್ವ, ಸೆಲ್ಫಿ,
ಕೈಯೆತ್ತಿ ಕಣ್ಣಿಗೆ ಬಿಸಿಲು ಮರೆ ಮಾಡಿದ್ದಾಳೆ.
ಫೋನು ಕನ್ನಡಿಯ ಬುದ್ಧಿ ತೋರಿಸಿದೆ.
ಅದೊಂದೇ ಚಿತ್ರ ಇದ್ದದ್ದು.
ಆದರೂ ನಲವತ್ತಾರು ವರ್ಷ ನೋಡಿದ ಕೈ,
ನನಗೇಕೆ ಅನುಮಾನ ಬರಲಿಲ್ಲ?
ಯಾವತ್ತೂ ಎದುರಿಗೆ ಕೂತೇ ಉಂಡವಳು ನಾನು,
ಅವಳ ಬಲ ನನ್ನ ಎಡಕ್ಕೇ ಇತ್ತು.

ಸರಿಯಾಗಿದ್ದದ್ದು ಒಂದೇ,
ಸರ್ಫಿನ ನೀರಲ್ಲಿ ಹೋದದ್ದು.

ದೊಡ್ಡವ್ವ ಬೇರೆ ಕಡೆ ಹೋಗಿದ್ದಳು ಆಗಲೇ:
ಹಚ್ಚೆ ಹಾಕೋಳು ಮೂರು ಸೇರು ಜೋಳ ಇಸ್ಕೊಂಡ್ಲು.
ಹರಳೆಣ್ಣೆ, ಅರಿಶಿನ, ಅಷ್ಟೇ ಔಷಧಿ.
ಮಾರನೇ ದಿನ ನಿಮ್ಮವ್ವ ಕಳೆ ತೆಗಿಯಾಕೆ ಹೋದ್ಲು.
ಸಂಜಿಗೆ ಕೈ ಊದಿ ಬೂದಗುಂಬಳ.
ಕೆರೀತೀನಿ ಅಂತ ಅಳೋದು, ನಾವು ಕೈ ಹಿಡಿಯೋದು.

ನೌಷಾದನಿಗೆ ಫೋನು ಮಾಡಿದೆ.
ಬಲಗೈಗೆ ಇನ್ನೊಂದು ಹಾಕೋಣ ಅಕ್ಕಾ, ಆದ್ರೆ
ಮೊದಲು ಇದು ಮಾಗಲಿ ಅಂದ.
ಬೇಡಪ್ಪ, ಎರಡು ಚೇಳು ಸಾಕೋಕೆ ನನ್ನಿಂದಾಗಲ್ಲ.

ಇವತ್ತು ದುರ್ಗದಲ್ಲಿ ನೈಟ್ ಹಾಲ್ಟ್.
ರೆಸ್ಟ್ ರೂಮಿನ ಫ್ಯಾನು ಸದ್ದು ಮಾಡುತ್ತದೆ, ಗಾಳಿ ಮಾಡುವುದಿಲ್ಲ.
ಕಿಟಕಿಯಾಚೆ ಗುಡ್ಡದ ಮೇಲೆ
ಗಾಳಿಯಂತ್ರಗಳ ಕೆಂಪು ದೀಪ ಹತ್ತಿ ಆರಿ ಹತ್ತಿ.
ನವೆ ಮತ್ತೆ ಎದ್ದಿದೆ.
ಕೆರೆಯುವ ಹಾಗಿಲ್ಲ, ತಟ್ಟಬಹುದು,
ಅಂಗೈ ಚಪ್ಪಟೆ ಮಾಡಿ, ಮೆತ್ತಗೆ.
ತಟ್ಟುತ್ತೇನೆ,
ಹಟ ಮಾಡಿ ಎದ್ದ ಕೂಸನ್ನು ತಟ್ಟುವ ಹಾಗೆ,
ನನ್ನನ್ನು ಹೀಗೇ ತಟ್ಟಿದ ಕೈ ಬಲದ್ದೋ ಎಡದ್ದೋ
ನೆನಪಾಗುವುದಿಲ್ಲ,
ತಟ್ಟುತ್ತೇನೆ.