ಐದು ಮಿಲಿಮೀಟರ್ ಗುಂಡು

ಒಮಾನಿನ ಸೂರ್‌ನಲ್ಲಿ, ಬಂದರಿನ ಬೀದಿಯ ಕ್ಲಿನಿಕ್ಕಿನಲ್ಲಿ
ನನ್ನದು ಕಿಟಕಿಯಿಲ್ಲದ ಕೋಣೆ.
ಗೋಡೆಯೊಳಗೆ ಸೀಸ, ಬಾಗಿಲೊಳಗೆ ಸೀಸ,
ನಡುವೆ ಒಂದು ಯಂತ್ರ ಜನರ ತಲೆ ಸುತ್ತುತ್ತದೆ
ಹದಿನಾಲ್ಕು ಸೆಕೆಂಡು,
ಅರ್ಧ ಪ್ರದಕ್ಷಿಣೆಗಿಂತ ಚೂರು ಹೆಚ್ಚು.

ಲಾಳದ ಹಾಗೆ ಬಾಗಿದ ದವಡೆಯನ್ನು ಬಿಡಿಸಿ
ಹಪ್ಪಳದಂತೆ ಚಪ್ಪಟೆ ಹರವುವುದು ಅದರ ಕೆಲಸ.
ಹರವುವಾಗ ಸುಳ್ಳು ಹೇಳದಂತೆ ನೋಡುವುದು ನನ್ನದು.

ಅರ್ಧ ಬೆರಳು ಮುಂದೆ ಬಂದು ಕಚ್ಚಿದರೆ
ಎದುರು ಹಲ್ಲು ಅಕ್ಕಿಕಾಳಿನಷ್ಟು ಸಣಕಲು;
ಹಿಂದೆ ಸರಿದರೆ ಅವೇ ಕುಂಬಳಬೀಜ.
ಗದ್ದ ತಗ್ಗಿಸಿದವರು ಚಿತ್ರದಲ್ಲಿ ಸುಮ್ಮಸುಮ್ಮನೆ ನಗುತ್ತಾರೆ,
ಎತ್ತಿದವರ ಹಲ್ಲುಸಾಲು ಮುನಿಸಿಕೊಳ್ಳುತ್ತದೆ.
ನೋವಿಗೂ ಅದಕ್ಕೂ ಸಂಬಂಧವಿಲ್ಲ.
ಓಲೆ ಬಿಚ್ಚಲೊಪ್ಪದ ಮದುಮಗಳೊಬ್ಬಳ ಬಲಗಿವಿಯ ಚಿನ್ನ
ಎಡದವಡೆಯ ಮೇಲೆ ದೆವ್ವವಾಗಿ ಕೂತದ್ದೂ ಉಂಟು.

"ನಾಲಿಗೆ ಅಂಗುಳಕ್ಕೆ ಒತ್ತಿ"
ಅರಬ್ಬಿಯಲ್ಲಿ ದಿನಕ್ಕೆ ಮೂವತ್ತು ಸಲ ಹೇಳುತ್ತೇನೆ,
ಒಳಗೊಳಗೆ ಕನ್ನಡದಲ್ಲಿ ಹೇಳಿಕೊಂಡು.
ಅಂಗಳಕ್ಕೂ ಅಂಗುಳಕ್ಕೂ ನಡುವೆ ಒಂದೇ ಕೊಂಬು.
ಒತ್ತದಿದ್ದರೆ ಬೇರುಗಳ ಮೇಲೆ ಒಂದು ಪಟ್ಟಿ ಕತ್ತಲೆ.

ನಿನ್ನೆ ಬಂದದ್ದು ಖಮೀಸ್ ಬಿನ್ ಸುವೈಲಿಂ,
ಹಡಗು ಕಟ್ಟುತ್ತಿದ್ದ ಬಡಗಿ.
ವಯಸ್ಸು ಕಾರ್ಡಿನಲ್ಲಿ ಎಪ್ಪತ್ತೆಂಟು, ಅಜ್ಜನ ಪ್ರಕಾರ "ಜಾಸ್ತಿಯೇ".
ನನ್ನ ಊರು ಕೇಳಿದ. ಹೇಳಿದೆ.
"ಮಂಗ್ಲೂರ್! ಹಂಚು! ಹಂಚು!" ಎಂದು
ಎರಡು ಅಂಗೈ ಜೋಡಿಸಿ ಮಾಡು ಕಟ್ಟಿ ತೋರಿಸಿದ.
ಹುಡುಗನಾಗಿದ್ದಾಗ ಖರ್ಜೂರ ಒಯ್ದು ಹಂಚು ತಂದಿದ್ದನಂತೆ.
ಆ ಬಂದರಿನಲ್ಲಿ ಕಲಿತದ್ದು ಎರಡೇ ಶಬ್ದ;
ಇನ್ನೊಂದನ್ನು ಇಲ್ಲಿ ಬರೆಯುವಂತಿಲ್ಲ.

ಕೆಳಗೆ, ಬಲಗಡೆ, ಹಲ್ಲಿಲ್ಲದ ಜಾಗಕ್ಕೆ
ಡಾಕ್ಟರ್ ನಗ್ಲಾ ಸ್ಕ್ರೂ ಹಾಕಬೇಕು.
ಅದರಡಿ ನರ ಹರಿಯುತ್ತದೆ. ಎಷ್ಟು ಅಡಿಗೆ?

"ನೆಟ್ಟಗೆ ನಿಲ್ಲಿ, ಅಜ್ಜ."
ನಿಂತ.
"ಇನ್ನೂ ನೆಟ್ಟಗೆ."
"ನನ್ನ ನೆಟ್ಟಗೆ ಇಷ್ಟೇ."
ಬಾಚಿ ಹಿಡಿದು ಐವತ್ತು ವರ್ಷ ಬಗ್ಗಿದ ಬೆನ್ನು.

ಚಿತ್ರ ಬಂತು. ನಟ್ಟನಡುವೆ ಬೆನ್ನುಮೂಳೆ
ಬಿಳಿ ಹೊಗೆಯ ಕಂಬದಂತೆ ನಿಂತಿದೆ;
ಎದುರು ಹಲ್ಲು, ಮೂವರ ಸೀಟಿನಲ್ಲಿ ಐವರು ಕೂತ ಹಾಗೆ.
ಕಂಪ್ಯೂಟರಿನಲ್ಲಿ 'ಸರಿಪಡಿಸು' ಎಂಬ ಗುಂಡಿಯಿದೆ.
ಒತ್ತಿದೆ.
ಹಲ್ಲು ಅಗಲವಾದವು, ಕಂಬ ಮಸುಕಾಯಿತು,
ಚಿತ್ರ ಚೆಂದವಾಯಿತು.
ಚೆಂದವಾದದ್ದಕ್ಕೇ ಹೆದರಿ ಅಳಿಸಿದೆ.

ಡ್ರಾಯರಿನಿಂದ ಉಕ್ಕಿನ ಗುಂಡು ತೆಗೆದೆ. ಐದು ಮಿಲಿಮೀಟರ್.
ಸೈಕಲ್ ಬೇರಿಂಗಿನ ತಮ್ಮನ ಹಾಗಿದೆ.
ಮೇಣ ಮೆತ್ತಿ, ಹಲ್ಲಿಲ್ಲದಲ್ಲಿ ಕೂರಿಸಿದೆ.
ಸ್ಟೂಲು ತಂದೆ, ಯಂತ್ರ ಇಳಿಸಿದೆ,
ಪಾದ ಮುಂದಿಡಿಸಿ, ಕತ್ತಿನ ಹಿಂದೆ ಕೈಯಿಟ್ಟು
ಎಲುಬು ಒಪ್ಪಿದಷ್ಟು ಎತ್ತಿದೆ.
ಮತ್ತೆ ಹದಿನಾಲ್ಕು ಸೆಕೆಂಡು.

ಚಿತ್ರದಲ್ಲಿ ಗುಂಡು ಗುಂಡಗಿಲ್ಲ:
ಎತ್ತರ ಆರೂಕಾಲು, ಅಗಲ ಆರೂಮುಕ್ಕಾಲು.
ಗೊತ್ತಿರುವ ಒಂದು ಐದನ್ನು ನೆಚ್ಚಿ
ಗೊತ್ತಿಲ್ಲದ್ದನ್ನು ಭಾಗಿಸುತ್ತ ಬಂದೆ.
ನರದ ತನಕ ಹದಿನೈದು ಕಂಡದ್ದು ಹನ್ನೆರಡು.
ಮೂರು ಮಿಲಿಮೀಟರ್ ಬರೀ ನೆರಳು.
ಅದನ್ನು ನಂಬಿ ಕೊರೆದಿದ್ದರೆ
ಅಜ್ಜನ ತುಟಿಗೆ ಚಹಾದ ಬಿಸಿ ಗೊತ್ತಾಗದೆ ಹೋಗಬಹುದಿತ್ತು.

ಫಿಲ್ಮ್ ಕೇಳಿದ. ಕೊಟ್ಟೆ.
"ಯಾರ ಬಾಯಿ ಇದು?"
"ನಿಮ್ಮದೇ."
"ಬಾಯಿ ಹಲಗೆಯ ಹಾಗಿರುತ್ತದೆಯೇ?"
ಎರಡೂ ತುದಿ ಹಿಡಿದು, ಹೆಬ್ಬೆರಳು ಊರಿ
ಮೆಲ್ಲಗೆ ಬಗ್ಗಿಸಿದ,
ತೇಗದ ಹಲಗೆಯನ್ನು ಹಡಗಿನ ಪಕ್ಕೆಗೆ ಒಲಿಸುವ ನಿಧಾನದಲ್ಲಿ.
ತನ್ನ ಗದ್ದಕ್ಕೆ ಹಿಡಿದು ನೋಡಿದ.
"ಕಾಲು ಭಾಗ ಜಾಸ್ತಿ," ಅಂದ.

ನಾನು ಲೆಕ್ಕದ ಚೀಟಿ ನೋಡಿದೆ.

ಅಜ್ಜ ಹೋದ ಮೇಲೆ ಗುಂಡನ್ನು ಸ್ಪಿರಿಟ್ಟಿನಲ್ಲಿ ತೊಳೆದು
ಡ್ರಾಯರಿಗೆ ಹಾಕಿ ಮುಚ್ಚಿದೆ.
ಮುಂದಿನ ಟೋಕನ್ ಕೂಗುವ ತನಕ
ಅದು ಒಳಗೆ ಉರುಳುತ್ತಲೇ ಇತ್ತು.