ಹಳದಿಯಾಗಲು ಬೇಕಾದ ಹೊತ್ತು

ಚಳಿಗಾಲದ ಒಂದು ಬುಧವಾರ ಅವ್ವ ಕೀಸ್ಕಾಮಾ ಹೊಳೆ ದಾಟಿ
ಪ್ರಯೋಗಶಾಲೆಯ ಬಾಗಿಲಿಗೇ ಬಂದಳು,
ಜೋಳದ ಹಿಟ್ಟಿನ ಖಾಲಿ ಚೀಲದಲ್ಲಿ ಮೂರು ಬಗೆಯ ಲೋಳೆಸರ,
ಒಂದರ ಮುಳ್ಳು ಇನ್ನೊಂದಕ್ಕೆ ತಾಗದಂತೆ
ನಡುವೆ ಹಳೆಯ ಟವೆಲು.

"ಇವಳು ಇಖಾಲಾ, ನಮ್ಮ ಅನ್ನ.
ಇವಳು ಇಕಲೇನೆ, ದನದ ದೊಡ್ಡಿಗೆ ಬೇಲಿ.
ಈ ಚುಕ್ಕೆಯವಳು ಇಂಗ್‌ಚೆಲ್ವಾನೆ."
ಆ ಹೆಸರಿನ ನಡುವೆ
ನಾಲಿಗೆ ಹಲ್ಲಿಗೆ ತಾಗಿ ಬಿಡುವ ಒಂದು ಸದ್ದಿದೆ.
ಲೇಬಲ್ಲಿಗೆ ಆ ಸದ್ದು ಬೇಕಿಲ್ಲ.
ಬರೆದೆ: ಒಂದು, ಎರಡು, ಮೂರು.

ನಲವತ್ತು ಚಳಿಗಾಲ ಎಲೆ ಕೊಯ್ದವಳು ಅವ್ವ.
ಬೋಗುಣಿಯಷ್ಟು ಗುಂಡಿ ತೋಡಿ, ಪ್ಲಾಸ್ಟಿಕ್ ಹಾಸಿ,
ಇನ್ನೂರು ಎಲೆಗಳ ಕೊಯ್ದ ಬಾಯಿ ಒಳಕ್ಕೆ ತಿರುಗಿಸಿ
ಸುತ್ತಲೂ ಒಟ್ಟಿ,
ಪಕ್ಕದಲ್ಲಿ ಪೈಪು ಸೇದುತ್ತ ಕೂರುತ್ತಿದ್ದಳು
ಕಹಿ ಪೂರ್ತಿ ಇಳಿಯುವ ತನಕ.
ಅವಳ ಅಂಗೈಯ ಹಳದಿ ಯಾವ ಸಾಬೂನಿಗೂ ಬಗ್ಗಿಲ್ಲ.
ನನಗೆ ಮೊಲೆ ಬಿಡಿಸಲು ಹಚ್ಚಿಕೊಂಡದ್ದೂ
ಅದೇ ಕಹಿಯಂತೆ.

ನಾನು ಒಣಗಿಸಿದೆ, ಪುಡಿ ಮಾಡಿದೆ, ಮೆಥನಾಲಿನಲ್ಲಿ ನೆನೆಸಿ ಸೋಸಿ
ನೇರಳೆ ದ್ರಾವಣಕ್ಕೆ ಹನಿ ಬಿಟ್ಟೆ.
ನೇರಳೆ ಅಂದರೆ ಜೊತೆ ತಪ್ಪಿದ ಎಲೆಕ್ಟ್ರಾನು,
ಕಂಡ ಕಂಡ ಬಾಗಿಲು ಬಡಿಯುವ ಒಂಟಿ.
ಕೊಡುವವರು ಸಿಕ್ಕರೆ ಬಣ್ಣ ಇಳಿದು ಹಳದಿಯಾಗುತ್ತದೆ.
ಕೋಣೆ ಕತ್ತಲಿರಬೇಕು. ಮೂವತ್ತು ನಿಮಿಷ.
ಆಮೇಲೆ ಯಂತ್ರ ಬೆಳಕು ಹಾಯಿಸಿ ಅಂಕ ಕೊಡುತ್ತದೆ.

ಇಕಲೇನೆ ಎಂಬತ್ತೊಂದು.
ಇಖಾಲಾ ಎಪ್ಪತ್ತಾರು.
ಚುಕ್ಕೆಯವಳು ಮೂವತ್ತನಾಲ್ಕು.
ಹೋಲಿಕೆಗೆಂದು ಇಟ್ಟ ವಿಟಮಿನ್ ಸಿ ತೊಂಬತ್ತಾರು,
ಮೊದಲ ಬೆಂಚಿನ ಮೇಷ್ಟರ ಮಗ.

ಡಾಕ್ಟರ್ ತ್ಸೆಂಗಿವೆ ಕನ್ನಡಕ ಹಣೆಗೇರಿಸಿ ನೋಡಿ
"ಮೂರನೆಯದನ್ನು ಮುಂದಿನ ಸಲ ಬಿಟ್ಟುಬಿಡು" ಎಂದು
ಕಾರಿನ ಕೀಲಿ ಹುಡುಕುತ್ತ ಹೊರಟರು.

ರಾತ್ರಿ ಫೋನಿನಲ್ಲಿ ಅವ್ವ: "ಯಾರು ಗೆದ್ದರು?"
ಹೇಳಿದೆ. ನಕ್ಕಳು.
"ಬೇಲಿಯವಳಾ! ಗೆಲ್ಲಲಿ ಬಿಡು,
ದನ ಮೂಸಿದ್ದು ಬಿಟ್ಟರೆ ಯಾರು ಕೇಳಿದ್ದರು ಅವಳನ್ನ?"
ಮೂರನೆಯವಳ ಅಂಕ ಹೇಳಿದಾಗ ಮಾತ್ರ
ಪೈಪನ್ನು ಕಲ್ಲಿಗೆ ತಟ್ಟುವುದು ಕೇಳಿಸಿತು.
"ನಿನ್ನಪ್ಪ ಗಣಿಯಿಂದ ಮರಳಿ ಮಲಗಿದಲ್ಲೇ ಇದ್ದ ವರ್ಷ
ಅವನ ಬೆನ್ನಿನ ಹುಣ್ಣಿಗೆ ಕಟ್ಟಿದ್ದು ಅವಳನ್ನೇ.
ಮಾಯಲು ಐದು ವಾರ ಹಿಡಿಯಿತು.
ಮಾಯಿತು."

ಗುರುವಾರ ಏಳೂವರೆಗೆ ನಳಿಗೆ ತೊಳೆಯಲು ಹೋದೆ.
ನಲ್ಲಿ ತಿರುಗಿಸಿ, ಮತ್ತೆ ನಿಲ್ಲಿಸಿದೆ.
ಏನೂ ಬೆರೆಸದ ನಳಿಗೆ ಹಾಗೇ ನೇರಳೆ.
ಮೂರನೆಯದು
ಯಂತ್ರ ಮಲಗಿದ ಮೇಲೂ, ಲೆಕ್ಕ ಮುಗಿದ ಮೇಲೂ
ಕತ್ತಲಲ್ಲಿ ಒಬ್ಬಳೇ ಕೊಡುತ್ತ ಕೊಡುತ್ತ
ಅವ್ವನ ಅಂಗೈಯ ಬಣ್ಣಕ್ಕೆ ಬಂದಿತ್ತು.

ಮೂವತ್ತನಾಲ್ಕನ್ನು ಹೊಡೆದುಹಾಕಲಾರೆ, ಅದೂ ನಿಜ.
ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದೆ: ಹದಿನೈದು ಗಂಟೆ.
ಡಾಕ್ಟರ್ ಬರುವುದು ಒಂಬತ್ತಕ್ಕೆ.
ಅಲ್ಲಿಯವರೆಗೆ ಏನು ಮಾಡಲಿ,
ಅವಳ ಹೆಸರನ್ನು ಗಟ್ಟಿಯಾಗಿ ಒಮ್ಮೆ ಹೇಳಿದೆ.
ನಡುವಿನ ಆ ಸದ್ದು, ಖಾಲಿ ಕೋಣೆಯಲ್ಲಿ,
ಗಾಜಿಗೆ ಗಾಜು ತಾಗಿದಂತೆ ಕೇಳಿಸಿತು.