ಸಿಡಿಲಾಂಕ, ಸಂಚಿಕೆ ೨೧೪

ಭದ್ರಾವತಿ ಬಸ್‌ಸ್ಟ್ಯಾಂಡಿನ ಗಫಾರ್ ಸಾಬರ ಅಂಗಡಿಯಲ್ಲಿ
ಈ ತಿಂಗಳೂ ನನಗೊಂದು ಎತ್ತಿಟ್ಟಿದ್ದಾರೆ, ಕೇಳದೆಯೇ.
ಬೇಡ ಅನ್ನೋಣವೆಂದೇ ಹೋದವನು
ಎಪ್ಪತ್ತು ರೂಪಾಯಿ ಬಿಚ್ಚಿದೆ.

ಚಿತ್ರಗಾರ ಮತ್ತೆ ಬದಲು.
ಸಿಡಿಲಾಂಕನ ದವಡೆ ಈಗ ಕಲ್ಲುಬೆಂಚಿನ ಹಾಗೆ,
ಎಡಗೈಗೆ ಆರು ಬೆರಳು, ಎಣಿಸಿ ನೋಡಿ ಬೇಕಾದರೆ.
ಮಾತು ಮಾತ್ರ ಹಳೆಯದೇ:
"ಊರು ಮಲಗಲಿ, ನಾನಿದ್ದೇನೆ."
ನಗು ಬರುತ್ತದೆ. ಗಂಟಲೂ ಕಟ್ಟುತ್ತದೆ, ಹಾಳಾದ್ದು.

ನೂರೈವತ್ತರಲ್ಲಿ ಅವನು ಸತ್ತಾಗ
ಎರಡನೇ ಪಾಳಿ ಮುಗಿಸಿ ಸೈಕಲ್ ಶೆಡ್ಡಿನಲ್ಲಿ ಕೂತು ಅತ್ತಿದ್ದೆ,
ಕಣ್ಣಿಗೆ ಕಿಡಿ ಬಿತ್ತೆಂದು ಸುಳ್ಳು ಹೇಳಿ.
ನೂರೈವತ್ಮೂರಕ್ಕೆ ಎದ್ದು ಬಂದ.
ಸತ್ತದ್ದು ಅವಳಿ ತಮ್ಮನಂತೆ!
ಅದೇ ವರ್ಷ ಕುಲುಮೆಯ ಬಾಯಲ್ಲಿ ನಾವು ಕಳಕೊಂಡ ಅಂತೋಣಿಗೆ
ಅವಳಿ ಇರಲಿಲ್ಲ.

ಸಂಪಾದಕರಿಗೆ ಬರೆದ ಕಾಗದ
ಊಟದ ಡಬ್ಬಿಯ ಚೀಲದಲ್ಲೇ ಇದೆ ಇನ್ನೂ,
ಸಾರು ಚೆಲ್ಲಿ ವಿಳಾಸ ಅರ್ಧ ಮಾಸಿದೆ:
"ದಯವಿಟ್ಟು ಇವನನ್ನು ನೆಟ್ಟಗೆ ಸಾಯಲು ಬಿಡಿ."
ಕೆಳಗೆ, ಬೇರೆ ಶಾಯಿಯಲ್ಲಿ,
"ಹೋದ ಸಲ ಹದಿನೆಂಟನೇ ಪುಟ ಬಿಟ್ಟುಹೋಗಿತ್ತು,
ಸಾಧ್ಯವಾದರೆ ಕಳಿಸಿ."